ಇಚ್ ಡಾಟ್ ಐಓ: ಹನ್ನೆರಡು ಪುಟದ ಆಟಕ್ಕೆ ಬೆಲೆ ಕಟ್ಟುವ ಬಗೆ

ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುತ್ತಾ ಹೋಗುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೆ ದಪ್ಪ ರಟ್ಟಿನ ನಿಯಮ ಪುಸ್ತಕವೇ ಬೇಕೆಂದೇನಿಲ್ಲ. ಒಂದೇ ಹಾಳೆಯಲ್ಲಿ ಮುಗಿಯುವ ಆಟಗಳು, ಹನ್ನೆರಡೋ ಇಪ್ಪತ್ತನಾಲ್ಕೋ ಪುಟಗಳ ಸಾಹಸಗಳು (ಆಡಲು ಸಿದ್ಧವಾದ ಕಥಾಹಂದರಗಳು), ಒಂದು ಊರನ್ನೋ ಒಂದು ಪಾಳು ಕೋಟೆಯನ್ನೋ ವಿವರಿಸುವ ಕಿರುಹೊತ್ತಗೆಗಳು ಪಿಡಿಎಫ್ ರೂಪದಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ಇವುಗಳಲ್ಲಿ ಎಷ್ಟೋ ಪುಸ್ತಿಕೆಗಳನ್ನು ಒಬ್ಬರೇ ಬರೆದು, ಪುಟ ಜೋಡಿಸಿ, ತಾವೇ ಮಾರುತ್ತಾರೆ. ಇಂಥವು ಹೆಚ್ಚಾಗಿ ಸಿಗುವ ಅಂಗಡಿಗಳಲ್ಲಿ ಇಚ್ ಡಾಟ್ ಐಓ ಒಂದು. 2013ರಲ್ಲಿ ಲೀಫ್ ಕೋರ್ಕೊರನ್ ಕಂಪ್ಯೂಟರ್ ಆಟಗಳಿಗೆಂದು ತೆರೆದ ಈ ತಾಣವನ್ನು ಇಲ್ಲಿ ಒಂದೇ ದೃಷ್ಟಿಯಿಂದ ನೋಡುತ್ತಿದ್ದೇನೆ: ಸಣ್ಣ ಪುಸ್ತಿಕೆಗೆ ನ್ಯಾಯವಾದ ಬೆಲೆ ಇಡಲು ಅದು ಬರೆದವರಿಗೆ ಎಷ್ಟು ನೆರವಾಗುತ್ತದೆ, ಆ ಬೆಲೆ ಕೊಡಲು ಓದುಗರಿಗೆ ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದು.

ಈ ಅಂಗಡಿಯ ಮೊದಲ ಗುಣ, ಮಾರಾಟದಲ್ಲಿ ತನ್ನ ಪಾಲು ಎಷ್ಟೆಂಬುದನ್ನು ಮಾರುವವರಿಗೇ ಬಿಟ್ಟಿರುವುದು. 2015ರಿಂದ ಜಾರಿಯಲ್ಲಿರುವ ಈ ಪದ್ಧತಿಯಲ್ಲಿ ಬೇರೇನನ್ನೂ ಆರಿಸದಿದ್ದರೆ ಶೇಕಡಾ 10 ತಾಣಕ್ಕೆ ಹೋಗುತ್ತದೆ, ಬೇಕಿದ್ದರೆ ಅದನ್ನು ಸೊನ್ನೆಗೂ ಇಳಿಸಬಹುದು. ಈ ಕ್ಷೇತ್ರದ ಹಳೆಯ ದೊಡ್ಡ ಅಂಗಡಿಯಾದ ಡ್ರೈವ್‌ಥ್ರೂ ಆರ್‌ಪಿಜಿಯಲ್ಲಿ, ಬೇರೆಡೆಯೂ ಮಾರುವ ಪ್ರಕಾಶಕರಿಗೆ ಶೇಕಡಾ 65, ಅಲ್ಲಿ ಮಾತ್ರ ಮಾರುವವರಿಗೆ ಶೇಕಡಾ 70 ಸಿಗುವುದು ರೂಢಿ. ಮೇಲ್ನೋಟಕ್ಕೆ ಇಚ್ ಎಷ್ಟೋ ಮೇಲು ಎನಿಸುತ್ತದೆ, ಆದರೆ ಬೆಲೆ ತೀರಾ ಕಡಿಮೆಯಾದಾಗ ಲೆಕ್ಕ ತಿರುಗಿಬೀಳುತ್ತದೆ. ಇಚ್‌ನಲ್ಲಿ ಕಾರ್ಡ್ ಪಾವತಿಯ ಶುಲ್ಕವೂ ಮಾರುವವರ ಹಣದಿಂದಲೇ ಹೋಗುತ್ತದೆ. ಆ ಶುಲ್ಕ ಸುಮಾರಾಗಿ ಶೇಕಡಾ 2.9 ಮತ್ತು ಅದರ ಮೇಲೆ 30 ಸೆಂಟ್. ಐದು ಡಾಲರಿನ ಪುಸ್ತಿಕೆಯಲ್ಲಿ ಎಲ್ಲ ಕಳೆದು ನಾಲ್ಕು ಡಾಲರಿಗೆ ತುಸು ಹೆಚ್ಚು ಕೈಗೆ ಬರುತ್ತದೆ. ಡ್ರೈವ್‌ಥ್ರೂನಲ್ಲಿ ಅದೇ ಬೆಲೆಗೆ ಬರುವುದು 3.25 ಡಾಲರ್. ಒಂದು ಡಾಲರಿನ ಪುಸ್ತಿಕೆಯಾದರೋ ಇಚ್‌ನಲ್ಲಿ ಉಳಿಯುವುದು 57 ಸೆಂಟ್, ಡ್ರೈವ್‌ಥ್ರೂನಲ್ಲಿ 65. ಆ 30 ಸೆಂಟ್ ಪ್ರತಿ ಪಾವತಿಗೂ ಬೀಳುವುದರಿಂದ, ಒಂದು ಡಾಲರಿನ ಹತ್ತು ಪುಸ್ತಿಕೆಗಳು ಬಿಡಿಬಿಡಿಯಾಗಿ ಮಾರಾಟವಾದರೆ ಮೂರು ಡಾಲರ್ ಬರೀ ಪಾವತಿಯ ವೆಚ್ಚಕ್ಕೇ ಹೋಯಿತು. ಅಗ್ಗವಾಗಿಟ್ಟರೆ ಹೆಚ್ಚು ಜನ ಕೊಳ್ಳುತ್ತಾರೆಂದು ಒಂದು ಡಾಲರ್ ಇಡುವ ಹೊಸಬರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಮೂರು ಡಾಲರಿಗಿಂತ ಕೆಳಗೆ ಬೆಲೆ ಇಡುವುದರಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ. ಅದಕ್ಕಿಂತ ಉಚಿತವಾಗಿ ಕೊಟ್ಟು ಮನಸ್ಸಿದ್ದವರಿಂದ ಕಾಣಿಕೆ ಪಡೆಯುವುದು ಮೇಲು.

ಇನ್ನು ಪುಟದ ಲೆಕ್ಕ. ಡ್ರೈವ್‌ಥ್ರೂನ ವಿವರಗಳಲ್ಲಿ ಪುಟ ಸಂಖ್ಯೆ ಎದ್ದು ಕಾಣುವುದರಿಂದ ಕೊಳ್ಳುವವರು ತಮಗರಿವಿಲ್ಲದೆಯೇ ಪುಟಕ್ಕಿಷ್ಟು ಎಂದು ಭಾಗಿಸತೊಡಗುತ್ತಾರೆ. ಇದು ಊಟದ ಬೆಲೆಯನ್ನು ಎಲೆಯ ಅಗಲ ನೋಡಿ ಕಟ್ಟಿದಂತೆ. ಆಟ ನಡೆಸುವವರಿಗೆ ನಿಜವಾಗಿ ಬೇಕಾದದ್ದು ಏನು ಎಂಬುದನ್ನು ಒಳ್ಳೆಯ ಹನ್ನೆರಡು ಪುಟದ ಸಾಹಸವೊಂದನ್ನು ಬಿಡಿಸಿಟ್ಟುಕೊಂಡರೆ ತಿಳಿಯುತ್ತದೆ: ಎದುರುಬದುರು ಪುಟಗಳಲ್ಲಿ ನಕ್ಷೆ ಒಂದು ಕಡೆ, ಆ ನಕ್ಷೆಯ ಕೋಣೆಗಳ ವಿವರ ಇನ್ನೊಂದು ಕಡೆ, ಪ್ರತಿ ಪಾತ್ರಕ್ಕೆ ಎರಡೇ ಸಾಲು, ಒಂದರಲ್ಲಿ ಅವನಿಗೆ ಏನು ಬೇಕು, ಇನ್ನೊಂದರಲ್ಲಿ ಅವನು ಏನನ್ನು ಮುಚ್ಚಿಡುತ್ತಿದ್ದಾನೆ, ಊರಿನ ಗಾಳಿಸುದ್ದಿಗಳ ಪಟ್ಟಿ, ಆರು ಮುಖದ ದಾಳ ಎಸೆದು ಆರಿಸಿಕೊಳ್ಳುವಂತೆ. ಆಟ ನಡೆಯುತ್ತಿರುವಾಗ ಪುಟ ಮಗುಚುವ ಪ್ರಮೇಯವೇ ಬರುವುದಿಲ್ಲ. ಹೀಗೆ ಬಿಗಿಗೊಳಿಸಲು ಬರೆದವರು ಎಷ್ಟೋ ಪುಟಗಳನ್ನು ಕತ್ತರಿಸಿರುತ್ತಾರೆ, ಪುಟಕ್ಕಿಷ್ಟು ಎಂಬ ಲೆಕ್ಕ ಆ ಶ್ರಮಕ್ಕೇ ದಂಡ ಹಾಕುತ್ತದೆ. ಅಂಥ ಪುಸ್ತಿಕೆಗೆ ಐದಾರು ಡಾಲರ್ ದುಬಾರಿಯಲ್ಲ, ಐದು ಜನರ ಒಂದು ಇಡೀ ಸಂಜೆ ಅದರಿಂದ ನಡೆಯುತ್ತದೆ. ಇಚ್‌ನಲ್ಲಿ ಕೃತಿಯ ಜಾಲಪುಟವನ್ನು ಮಾರುವವರೇ ಅಲಂಕರಿಸಿಕೊಳ್ಳುವುದರಿಂದ, ಪುಟ ಸಂಖ್ಯೆಯ ಬದಲು ಈ ಆಟ ಎಷ್ಟು ಜನರಿಗೆ, ಎಷ್ಟು ಹೊತ್ತಿಗೆ, ಎಷ್ಟು ತಯಾರಿಗೆ ಎಂಬುದನ್ನು ಮುಂದಿಟ್ಟು ಬೆಲೆಯನ್ನು ಸಮರ್ಥಿಸಿಕೊಳ್ಳಲು ಅವಕಾಶವಿದೆ.

ಕೊಳ್ಳುವ ಪರದೆಯೂ ಮೆಚ್ಚುವಂತಿದೆ. ಕನಿಷ್ಠ ಬೆಲೆ ಮೊದಲೇ ತುಂಬಿರುತ್ತದೆ, ಅದರ ಮೇಲೆ ಎಷ್ಟು ಬೇಕಾದರೂ ಸೇರಿಸಿ ಕೊಡಬಹುದು, ಸೇರಿಸಲು ಪಕ್ಕದಲ್ಲೇ ಗುಂಡಿಗಳಿವೆ. ಕನಿಷ್ಠ ಬೆಲೆ ಸೊನ್ನೆಯಾದರೆ ಮಾತ್ರ ಸಂಗತಿ ಬೇರೆಯಾಗುತ್ತದೆ. ಬೇಡ, ನೇರವಾಗಿ ಡೌನ್‌ಲೋಡ್‌ಗೆ ಹೋಗುತ್ತೇನೆ ಎಂಬರ್ಥದ ಕೊಂಡಿ ಕಣ್ಣೆದುರೇ ಇರುತ್ತದೆ, ಹಾಗೆ ಇಳಿಸಿಕೊಂಡದ್ದು ಖರೀದಿಯಾಗಿ ಎಲ್ಲೂ ದಾಖಲಾಗುವುದಿಲ್ಲ. ಮುಂದೆ ತಿದ್ದಿದ ಆವೃತ್ತಿ ಬಂದರೆ ಆ ಓದುಗರನ್ನು ತಲುಪುವ ದಾರಿಯೂ ಬರೆದವರಿಗೆ ಉಳಿಯುವುದಿಲ್ಲ. ಡ್ರೈವ್‌ಥ್ರೂನಲ್ಲಿ ಸೊನ್ನೆ ಕೊಟ್ಟು ಪಡೆದದ್ದೂ ಓದುಗರ ಸಂಗ್ರಹಕ್ಕೆ ಸೇರುತ್ತದೆ. ಇಷ್ಟವಾದಷ್ಟು ಕೊಡಿ ಎಂಬ ಪದ್ಧತಿಗೆ ಆ ಅಂಗಡಿಯೇ ಹೆಚ್ಚು ಒಗ್ಗುತ್ತದೆಂದು ನನ್ನ ಅಭಿಪ್ರಾಯ.

ಹಲವು ಕೃತಿಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರುವ ದೊಡ್ಡ ಬಂಡಲ್‌ಗಳ ಪ್ರಭಾವವನ್ನೂ ಹೇಳಲೇಬೇಕು. 2020ರ ಜೂನ್‌ನಲ್ಲಿ ಅಮೆರಿಕದ ಜನಾಂಗೀಯ ನ್ಯಾಯದ ಹೋರಾಟಕ್ಕೆ ನೆರವಾಗಲು ಇಚ್ ನಡೆಸಿದ ಬಂಡಲ್‌ನಲ್ಲಿ ಕನಿಷ್ಠ ಐದು ಡಾಲರಿಗೆ 1,700ಕ್ಕೂ ಹೆಚ್ಚು ಕೃತಿಗಳಿದ್ದವು, 80 ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಅದು ಹೆಮ್ಮೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದು ಡಾಲರಿಗೆ ಅಷ್ಟೊಂದು ಕೃತಿಗಳನ್ನು ಪಡೆದ ಕಣ್ಣಿಗೆ, ಒಂದೇ ಪುಸ್ತಿಕೆಗೆ ಐದು ಡಾಲರ್ ಹೆಚ್ಚೆನಿಸಿದರೆ ಆಶ್ಚರ್ಯವಿಲ್ಲ. ಸದುದ್ದೇಶವಿಲ್ಲದೆ ಬರೀ ಗಮನ ಸೆಳೆಯಲೆಂದು ನಡೆಯುವ ಬಂಡಲ್‌ಗಳಿಗೆ ಹೊಸ ಕೃತಿಯನ್ನು ಸೇರಿಸುವ ಮುನ್ನ ಬರೆದವರು ಯೋಚಿಸಬೇಕು.

ಭಾರತದಿಂದ ಕೊಳ್ಳುವವರಿಗೆ ಬೆಲೆ ಇನ್ನಷ್ಟು ಭಾರವಾಗುತ್ತದೆ. ಐದು ಡಾಲರ್ ಎಂದರೆ ನಾನೂರು ರೂಪಾಯಿ ದಾಟುತ್ತದೆ, ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ನಲ್ಲಿ ಅಂತಾರಾಷ್ಟ್ರೀಯ ಪಾವತಿಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ದೇಶಕ್ಕೆ ತಕ್ಕ ಬೆಲೆ ಇಡುವ ಸೌಲಭ್ಯ ಇಚ್‌ನಲ್ಲಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿರುವುದು ಅಲ್ಲಿನ ರೋಲ್‌ಪ್ಲೇಯಿಂಗ್ ಬರಹಗಾರರು ತಾವೇ ರೂಢಿಗೆ ತಂದ ಕಮ್ಯೂನಿಟಿ ಕಾಪಿಗಳು. ಪುಸ್ತಿಕೆಗೆ ಪೂರ್ಣ ಬೆಲೆ ಇಟ್ಟು, ಅದರ ಜಾಲಪುಟದ ಕೆಳಗೆ ಇಂತಿಷ್ಟು ಉಚಿತ ಪ್ರತಿಗಳನ್ನು ತೆರೆದಿಡುತ್ತಾರೆ. ಯಾರಾದರೂ ಹಣ ಕೊಟ್ಟು ಕೊಂಡಾಗ ಅಥವಾ ಹೆಚ್ಚಿಗೆ ಕೊಟ್ಟಾಗ ಅವುಗಳ ಸಂಖ್ಯೆ ಹೆಚ್ಚಿಸುತ್ತಾರೆ. ಕಾರಣ ಕೇಳುವುದಿಲ್ಲ, ಪುರಾವೆ ಕೇಳುವುದಿಲ್ಲ. ಕೃತಿಯ ಬೆಲೆಯೂ ಇಳಿಯುವುದಿಲ್ಲ, ಕೈಯಲ್ಲಿ ಹಣವಿಲ್ಲದವರೂ ಆಟದಿಂದ ಹೊರಗುಳಿಯುವುದಿಲ್ಲ. ಸಣ್ಣ ಪುಸ್ತಿಕೆಗಳ ಬೆಲೆಯ ವಿಷಯದಲ್ಲಿ ಇದಕ್ಕಿಂತ ಮಾನವೀಯವಾದ ಏರ್ಪಾಡನ್ನು ನಾನು ಬೇರೆ ಅಂಗಡಿಯಲ್ಲಿ ಕಂಡಿಲ್ಲ. ಆದರೂ ಉಚಿತ ಪ್ರತಿಗಳ ಸಂಖ್ಯೆಯನ್ನು ಬರೆದವರೇ ಕೈಯಾರೆ ಏರಿಸುತ್ತಿರಬೇಕು, ಅವರು ಮರೆತರೆ ಪ್ರತಿಗಳು ಮುಗಿದೇ ಹೋಗಿರುತ್ತವೆ. ಒಂದು ಮಾರಾಟಕ್ಕೆ ಒಂದು ಪ್ರತಿ ತಾನಾಗಿ ಸೇರುವಂತೆ ತಾಣವೇ ವ್ಯವಸ್ಥೆ ಮಾಡಿಕೊಟ್ಟರೆ, ಐದು ಡಾಲರ್ ಇಡಲು ಅಂಜುವ ಎಷ್ಟೋ ಬರಹಗಾರರು ಧೈರ್ಯವಾಗಿ ಇಡಬಲ್ಲರು.