ಚಿಕ್ಕ ಅಂಗಳಕ್ಕೆ ಯಾವ ಹೂಮರ? ಗುಲ್‌ಮೊಹರ್, ಹೊಳೆದಾಸವಾಳ, ದೇವಗಣಗಿಲೆ

30x40 ಸೈಟಿನ ಮನೆಗೆ ದೇವಗಣಗಿಲೆಯೇ ಸರಿ. ಮೈಸೂರಿನ ನಮ್ಮ ಮನೆ ಮುಂದೆ ಒಂದು ಮರ ಬೆಳೆಸಿ, ಕಡಿಸಿ, ಇನ್ನೊಂದು ನೆಟ್ಟ ಮೇಲೆ ಹೇಳುತ್ತಿದ್ದೇನೆ.

ಮೊದಲು ನೆಟ್ಟಿದ್ದು ಗುಲ್‌ಮೊಹರ್. ಬೇಸಿಗೆಯಲ್ಲಿ ಬೀದಿಯೆಲ್ಲ ಕೆಂಪಾಗುವುದನ್ನು ನೋಡಿ ಆಸೆಪಟ್ಟಿದ್ದೆ. ಆರನೇ ವರ್ಷಕ್ಕೆ ಹೂ ಬಂತು. ತುಂಬಾ ಚೆನ್ನಾಗಿತ್ತು. ಬೇರು ಮೇಲೆಮೇಲೇ ಹರಡಿ ಕಾಂಪೌಂಡ್ ಬಿರುಕು ಬಿಡುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ನನಗೆ ಸಾಕುಸಾಕಾಗಿದ್ದು ಅದರ ಎಲೆಯಿಂದ.

ಒಂದೊಂದು ಎಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಚಳಿಗಾಲ ಮುಗಿಯುವ ಹೊತ್ತಿಗೆ ತಾರಸಿ ತುಂಬ ಉದುರುತ್ತದೆ. ಒಣಗಿದ್ದರೆ ಪೊರಕೆ ತಾಗಿದ ಕೂಡಲೇ ಹಾರುತ್ತದೆ, ಒದ್ದೆಯಾದರೆ ನೆಲಕ್ಕೆ ಅಂಟುತ್ತದೆ. ಮಳೆನೀರಿನ ಪೈಪಿನ ಬಾಯಿಗೆ ಜಾಲರಿ ಹಾಕಿದೆ. ದೊಡ್ಡ ಕಣ್ಣಿನದ್ದರಲ್ಲಿ ಎಲೆ ತೂರಿ ನೀರಿನ ತೊಟ್ಟಿ ಸೇರಿತು. ಸಣ್ಣ ಕಣ್ಣಿನದ್ದು ಹಾಕಿದರೆ ಅದರ ಮೇಲೇ ಸೆಗಣಿಯಂತೆ ಮೆತ್ತಿಕೊಂಡಿತು. ಒಂದು ರಾತ್ರಿ ಜೋರು ಮಳೆ. ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತು, ಬಾಗಿಲ ಸಂದಿಯಿಂದ ಮೆಟ್ಟಿಲಿಳಿದು ಅಮ್ಮನ ಕೋಣೆಗೆ ಬಂತು. ಟಾರ್ಚ್ ಹಿಡಿದು ಪೈಪಿಗೆ ಕೈ ಹಾಕಿದೆ. ಹಿಡಿ ಹಿಡಿ ಕಪ್ಪು ಎಲೆ.

ಬೇಡ ಅಂದ ತಕ್ಷಣ ಸುಮ್ನೆ ಕಡಿಯುವ ಹಾಗೂ ಇಲ್ಲ ಅಲ್ವಾ? 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಅದು ಸಿಗುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು; ಹೊಳೆದಾಸವಾಳ ನಮ್ಮ ಪಶ್ಚಿಮ ಘಟ್ಟದ್ದೇ. ಊರಿನ ತೋಟದ ಬೇಲಿ ಪಕ್ಕ ಹಾಕಿದ್ದೇನೆ. ನೇರಳೆ ಬಣ್ಣ, ಸುಕ್ಕುಗಟ್ಟಿದ ಸೀರೆಯಂಥ ಎಸಳು. ಜಾಗ ಇದ್ದವರು ಕಣ್ಣುಮುಚ್ಚಿ ನೆಡಬಹುದು. ನಮ್ಮ ಅಂಗಳಕ್ಕೆ ತೀರಾ ದೊಡ್ಡ ಮರ.

ದೇವಗಣಗಿಲೆಗೆ ಒಂದು ಕಾಸೂ ಖರ್ಚಾಗಲಿಲ್ಲ. ನಂಜನಗೂಡಿನ ಅತ್ತೆ ಎರಡಡಿಯ ಎರಡು ಕೊಂಬೆ ಕೊಟ್ಟು, "ಹಾಲು ಒಣಗೋ ತನಕ ನೆಡಬೇಡಪ್ಪ" ಎಂದಿದ್ದರು. ಕೇಳದೆ ಒಂದನ್ನು ಅವತ್ತೇ ನೆಟ್ಟೆ, ಬುಡ ಕೊಳೆಯಿತು. ಇನ್ನೊಂದನ್ನು ಒಂದು ವಾರ ನೆರಳಲ್ಲಿಟ್ಟು ನೆಟ್ಟೆ. ಮರುವರ್ಷವೇ ಹೂ ಬಿಟ್ಟಿತು. ಎಲೆ ಗೇಣುದ್ದ; ಉದುರಿದರೆ ಕೈಯಲ್ಲೇ ಆರಿಸಿ ಹಾಕುತ್ತೇನೆ. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಪುಡಿಯಂತೆ ತುಕ್ಕುರೋಗ ಬರುತ್ತದೆ. ಅಂಥ ಎಲೆ ಕಿತ್ತು ದೂರ ಎಸೆಯಬೇಕು. ಹಾಲು ತಾಗಿದರೆ ಕೆಲವರಿಗೆ ಮೈ ತುರಿಸುತ್ತದೆ. ಚಳಿಗಾಲದಲ್ಲಿ ಮರ ಬೋಳು.

ನೆರಳು ಜಾಸ್ತಿ ಬೇಕೆನ್ನುವವರಿಗೆ ಇದು ಸಾಲದು. ನನಗೆ ಬೆಳಗ್ಗೆ ಗುಡಿಸಲು ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಅಂಗಳ ಮುಗಿಯುತ್ತದೆ. ಬಿದ್ದ ಹೂ ಅಮ್ಮ ದೇವರಿಗೆ ಏರಿಸುವುದಿಲ್ಲ. ಕೊಂಬೆ ತಗ್ಗಿನಲ್ಲೇ ಇದೆ, ನಿಂತಲ್ಲೇ ಕೈ ಚಾಚಿ ಬಿಡಿಸಿಕೊಳ್ಳುತ್ತಾಳೆ.