ಡಿವಿಡಿ ಡ್ರೈವ್: ಸಾಟಾ ಕೊಳ್ಳುವುದೋ, ಯುಎಸ್‌ಬಿ ಕೊಳ್ಳುವುದೋ?

ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ 5.25 ಇಂಚಿನ ಜಾಗ ಖಾಲಿಯಿದ್ದರೆ ಕಣ್ಣುಮುಚ್ಚಿ ಸಾಟಾ ಡ್ರೈವ್ (ಮದರ್‌ಬೋರ್ಡಿಗೆ ಕೇಬಲ್‌ನಲ್ಲಿ ನೇರ ಜೋಡಿಸುವ ಒಳಗಿನ ಡ್ರೈವ್) ತೆಗೆದುಕೊಳ್ಳಿ. 7 ಪಿನ್ನಿನ ಡೇಟಾ ಕೇಬಲ್, 15 ಪಿನ್ನಿನ ಪವರ್ ಕೇಬಲ್, ಎರಡೂ ಬದಿಗೆ ಸ್ಕ್ರೂ, ಕೆಲಸ ಮುಗಿಯಿತು. ಡೇಟಾ ಕೇಬಲ್ ಡ್ರೈವ್ ಜೊತೆ ಬರದಿರುವುದೇ ಹೆಚ್ಚು, ಅಂಗಡಿಯಲ್ಲೇ ಕೇಳಿ ನೋಡಿ.

ವೇಗದ ಚಿಂತೆ ಬೇಡ. 16x (ಮೂಲ ವೇಗದ 16 ಪಟ್ಟು) ಡಿವಿಡಿ ಓದುವುದೇ ಸೆಕೆಂಡಿಗೆ ಸುಮಾರು 22 ಎಂಬಿ. ಹಳೆಯ ಸಾಟಾ 1 ಕೂಡ 150 ಎಂಬಿ ಸಾಗಿಸುತ್ತದೆ. ವೇಗದ ಸಾಟಾ 3 ಪೋರ್ಟನ್ನು ಎಸ್‌ಎಸ್‌ಡಿಗೆ (ಚಿಪ್ಪಿನ ಸ್ಟೋರೇಜ್ ಡ್ರೈವ್‌ಗೆ) ಬಿಡಿ. ಬ್ಲೂ-ರೇ 16x ಮಾತ್ರ 72 ಎಂಬಿ ಕೇಳುತ್ತದೆ, ಅದಕ್ಕೆ ಯುಎಸ್‌ಬಿ 2.0 ಸಾಲದು.

ಲ್ಯಾಪ್‌ಟಾಪ್‌ಗಾದರೆ ಯುಎಸ್‌ಬಿ ಸ್ಲಿಮ್ ಡ್ರೈವೇ ಗತಿ. ಇದರ ತಕರಾರು ವೇಗದ್ದಲ್ಲ, ಕರೆಂಟಿನದು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್. ಡಿಸ್ಕ್ ತಿರುಗಲು ಶುರುವಾದಾಗ, ಬರೆಯುವಾಗ ಅದು ಸಾಲದೆ ಡ್ರೈವ್ ಟಕ್ ಟಕ್ ಎಂದು ಮಾಯವಾಗುತ್ತದೆ, ಬರೆಯುತ್ತಿದ್ದ ಡಿಸ್ಕ್ ಹಾಳು. ಪವರ್ ಇಲ್ಲದ ಹಬ್‌ಗೆ ಸಿಕ್ಕಿಸಲೇಬೇಡಿ. ಹೆಚ್ಚು ಕರೆಂಟ್ ಕೊಡುವ ಯುಎಸ್‌ಬಿ 3.0 ಪೋರ್ಟಿಗೆ ನೇರವಾಗಿ ಸಿಕ್ಕಿಸಿ, ಇಲ್ಲವೇ ಎರಡು ಪೋರ್ಟಿನಿಂದ ಕರೆಂಟ್ ಎಳೆಯುವ ಎರಡು ತಲೆಯ ವೈ ಕೇಬಲ್ ಬಳಸಿ.

ಅಗ್ಗಕ್ಕೆ ಸಿಗುವ, ಸಾಟಾಕ್ಕಿಂತ ಹಿಂದಿನ ಜೋಡಣೆಯ ಹಳೆಯ ಐಡಿಇ ಡ್ರೈವ್? 40 ಪಿನ್ನಿನ ಪಟ್ಟಿ ಕೇಬಲ್, ಮಾಸ್ಟರ್-ಸ್ಲೇವ್ ಜಂಪರ್ (ಒಂದೇ ಕೇಬಲ್‌ನ ಎರಡು ಡ್ರೈವ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಪುಟ್ಟ ಕ್ಲಿಪ್), ಮೇಲೊಂದು ಅಡಾಪ್ಟರ್. ಹೊಸ ಬೋರ್ಡಿಗೆ ಇಷ್ಟು ತಲೆನೋವು ಪುಕ್ಕಟೆ ಸಿಕ್ಕರೂ ಬೇಡ.