ಡಿಬಿ ಬ್ರೌಸರ್: ಗದರದ ಮೇಷ್ಟ್ರ ಬಳಿ ಎಸ್‌ಕ್ಯೂಎಲ್ ಕಲಿಕೆ

ಡೇಟಾಬೇಸಿಗೆ, ಅಂದರೆ ಟೇಬಲ್‌ಗಳಲ್ಲಿ ಜೋಡಿಸಿಟ್ಟ ಮಾಹಿತಿಗೆ, ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಅದನ್ನು ಕಲಿಯಲು ಹೊರಟ ಎಷ್ಟೋ ಜನ ಒಂದು ಕ್ವೆರಿಯನ್ನೂ (ಪ್ರಶ್ನೆಯನ್ನೂ) ಬರೆಯದೆ ಕೈಚೆಲ್ಲುತ್ತಾರೆ. ಸರ್ವರ್ ಅಳವಡಿಸಬೇಕು, ಪಾಸ್‌ವರ್ಡ್ ಕೊಡಬೇಕು, ಪೋರ್ಟ್ ಸಂಖ್ಯೆ ಹೊಂದಿಸಬೇಕು. ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್' ಎಂಬ ಉಚಿತ ತಂತ್ರಾಂಶದಲ್ಲಿ ಈ ಯಾವ ತಾಪತ್ರಯವೂ ಇಲ್ಲ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಇಡೀ ಡೇಟಾಬೇಸನ್ನು ಒಂದೇ ಕಡತದಲ್ಲಿ ಇಡುತ್ತದೆ. ಆ ಕಡತವನ್ನು ತೆರೆದು ನೋಡಲು, ಪ್ರಶ್ನೆ ಕೇಳಲು ಡಿಬಿ ಬ್ರೌಸರ್ ಒಂದು ಕಿಟಕಿ.

ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಖರೀದಿ ಲೆಕ್ಕ ನೋಡಿಕೊಳ್ಳುವವನು ನಾನು. ವಾಶಿ ಮಾರುಕಟ್ಟೆಯ ಉದ್ದಿನಬೇಳೆ, ಈರುಳ್ಳಿ, ತೆಂಗಿನಕಾಯಿ, ಪೇಟೆಯ ಬಾಳೆಎಲೆ, ದಿನದ ಹಾಲು ಎಲ್ಲದರ ಬಿಲ್ಲೂ ನನ್ನ ಮೇಜಿಗೇ ಬರುತ್ತದೆ. "ಹೋದ ದೀಪಾವಳಿಗಿಂತ ಈ ಸಲ ಕಾಯಿಗೆ ಎಷ್ಟು ಜಾಸ್ತಿ ಹೋಯಿತು?" ಎಂದು ಧಣಿಗಳು ಕೇಳಿದರೆ ಹಿಂದೆ ಹಾಳೆ ಹಾಳೆ ತಿರುವಬೇಕಿತ್ತು. ದುಡ್ಡು ಕಟ್ಟಿ ಸೇರಿದ ತರಗತಿಯೊಂದರಲ್ಲಿ ಯಾರದೋ ಕಾಲ್ಪನಿಕ ನೌಕರರ ಸಂಬಳದ ಟೇಬಲ್ ಕೊಟ್ಟು ಅಭ್ಯಾಸ ಮಾಡಿಸಿದರು. ಅದು ತಲೆಯಲ್ಲಿ ನಿಲ್ಲಲಿಲ್ಲ. ಸ್ವಂತ ಬಿಲ್ಲುಗಳನ್ನು ಈ ತಂತ್ರಾಂಶಕ್ಕೆ ತುಂಬಿದ ಮೇಲೆ ಬೇಕಾದ ಸಾಲುಗಳನ್ನು ಆರಿಸುವ ವೇರ್, ಗುಂಪು ಮಾಡುವ ಗ್ರೂಪ್ ಬೈ ಎಲ್ಲಕ್ಕೂ ಅರ್ಥ ಬಂತು. ಉತ್ತರ ಸರಿಯೇ ತಪ್ಪೇ ಎಂದು ಕಾಗದದ ಲೆಕ್ಕದೊಡನೆ ತಾಳೆ ನೋಡಬಹುದಲ್ಲ!

ಹೊಸಬರಿಗೆ ಇದರ ದೊಡ್ಡ ಉಪಕಾರ 'ರೈಟ್ ಚೇಂಜಸ್', 'ರಿವರ್ಟ್ ಚೇಂಜಸ್' ಎಂಬ ಎರಡು ಗುಂಡಿಗಳು. ಡಿಲೀಟ್ ಆಜ್ಞೆಗೆ ವೇರ್ ಸೇರಿಸದಿದ್ದರೆ ಟೇಬಲ್ ಪೂರ್ತಿ ಬರಿದಾಗುತ್ತದೆ. ಆದರೆ ಮೊದಲ ಗುಂಡಿ ಒತ್ತುವ ತನಕ ಆ ಬದಲಾವಣೆ ಕಾಯಂ ಆಗುವುದಿಲ್ಲ, ಎರಡನೆಯದನ್ನು ಒತ್ತಿದರೆ ಸಾಲುಗಳೆಲ್ಲ ಮರಳಿ ಬರುತ್ತವೆ. ಈ ಧೈರ್ಯ ಇದ್ದವರು ಬೇಗ ಕಲಿಯುತ್ತಾರೆ.

ಇನ್ನು ನನ್ನ ತಕರಾರು. ಎಸ್‌ಕ್ಯೂಲೈಟ್ ಗದರದ ಮೇಷ್ಟ್ರು. ಸಂಖ್ಯೆಗೆಂದು ಮೀಸಲಿಟ್ಟ ಕಾಲಂನಲ್ಲಿ 12,500 ಎಂದು ಅಲ್ಪವಿರಾಮ ಸಮೇತ ತುಂಬಿದರೆ ಅದನ್ನು ಅಕ್ಷರಗಳ ಸಾಲೆಂದು ಇಟ್ಟುಕೊಂಡು ಸುಮ್ಮನಾಗುತ್ತದೆ. ಒಟ್ಟು ಮೊತ್ತ ತಪ್ಪಿರುತ್ತದೆ, ದೂರು ಮಾತ್ರ ಇರುವುದಿಲ್ಲ. 2021ರಲ್ಲಿ ಬಂದ 3.37ನೇ ಆವೃತ್ತಿಯಿಂದ ಟೇಬಲ್ ರಚಿಸುವಾಗ ಕೊನೆಗೆ 'ಸ್ಟ್ರಿಕ್ಟ್' ಎಂದು ಸೇರಿಸಿದರೆ ಇಂಥದ್ದನ್ನು ಒಳಗೆ ಬಿಡುವುದಿಲ್ಲ. ಹೊಸಬರು ಮೊದಲ ದಿನವೇ ಇದನ್ನು ರೂಢಿ ಮಾಡಿಕೊಳ್ಳುವುದು ಲೇಸು. ಗ್ರೂಪ್ ಬೈ ಕೂಡ ಹಾಗೆಯೇ. ಸರಬರಾಜುದಾರರ ಪ್ರಕಾರ ಮೊತ್ತ ಕೂಡಿಸುವಾಗ ಪಕ್ಕದಲ್ಲಿ ಸರಕಿನ ಹೆಸರನ್ನೂ ಕೇಳಿದರೆ, ಗುಂಪಿನ ಯಾವುದೋ ಒಂದು ಸಾಲಿನ ಹೆಸರನ್ನು ಎತ್ತಿ ತೋರಿಸುತ್ತದೆ. ಅದೇ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶಕ್ಕೆ ಕೊಟ್ಟರೆ ದೋಷವೆಂದು ತಿರುಗಿಸಿ ಕಳಿಸುತ್ತದೆ. ಕಲಿಯುವವರಿಗೆ ಆ ಗದರಿಕೆ ಬೇಕು.

ಎಸ್‌ಕ್ಯೂಲೈಟಿನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಬಗೆಯೇ ಇಲ್ಲ. ಬಿಲ್ಲಿನಲ್ಲಿರುವಂತೆ 05/03/2024 ಎಂದು ಬರೆದರೆ, ಅದು 12/01/2023ಕ್ಕಿಂತ ಮೊದಲು ಬಂದು ಕೂರುತ್ತದೆ, ಏಕೆಂದರೆ ಹೋಲಿಕೆ ನಡೆಯುವುದು ಅಕ್ಷರಶಃ. 2024-03-05 ಎಂದು ವರ್ಷ ಮುಂದಿಟ್ಟು ಬರೆದರೆ ಕ್ರಮ ಸರಿಹೋಗುತ್ತದೆ. ಖಾಲಿ ಬಿಟ್ಟ ನಲ್ ಮೌಲ್ಯವನ್ನು ಸಮ ಚಿಹ್ನೆ ಹಾಕಿ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ, 'ಈಸ್ ನಲ್' ಎಂದೇ ಕೇಳಬೇಕು. ಇದು ಎಸ್‌ಕ್ಯೂಲೈಟಿನ ದೋಷವಲ್ಲ, ಎಸ್‌ಕ್ಯೂಎಲ್‌ನ ನಿಯಮ.

ಎರಡು ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ಬಗ್ಗೆ ಎಚ್ಚರದ ಮಾತೊಂದು. ಬಿಲ್ಲಿನ ಟೇಬಲನ್ನು ಸರಬರಾಜುದಾರರ ಟೇಬಲಿಗೆ ಹೆಸರಿನ ಆಧಾರದಲ್ಲಿ ಜೋಡಿಸಿದಾಗ, ಎರಡು ಫೋನ್ ಸಂಖ್ಯೆಗಳಿಗಾಗಿ ಒಬ್ಬರ ಹೆಸರು ಎರಡು ಸಲ ಇದ್ದರೆ ಅವರ ಬಿಲ್ಲುಗಳೂ ಇಮ್ಮಡಿಯಾಗುತ್ತವೆ. ಧಣಿಗಳಿಗೆ ಲೆಕ್ಕ ಒಪ್ಪಿಸುವ ಮುನ್ನ ಸಾಲುಗಳ ಎಣಿಕೆ ನೋಡಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ಅದರಿಂದಲೇ ಜೋಡಿಸುವುದು ವಾಸಿ.

ಕನ್ನಡದಲ್ಲಿ ಹೆಸರು ತುಂಬುವವರಿಗೆ ಇನ್ನೆರಡು ವಿಷಯ. ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಉಳಿಸುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಆರ್ಡರ್ ಬೈ ಕೊಟ್ಟಾಗ ಅವು ಯುನಿಕೋಡ್ ಸಂಖ್ಯೆಯ (ಪ್ರತಿ ಅಕ್ಷರಕ್ಕೂ ಗೊತ್ತುಪಡಿಸಿದ ಸಂಖ್ಯೆಯ) ಕ್ರಮದಲ್ಲಿ ಬರುತ್ತವೆ, ಅಲ್ಲಿ 'ಳ' ಇರುವುದು 'ವ'ಕ್ಕಿಂತ ಮೊದಲು. ಹಾಗಾಗಿ ನಮ್ಮ ವರ್ಣಮಾಲೆಯ ಕ್ರಮಕ್ಕೆ ವಿರುದ್ಧವಾಗಿ 'ಕಳಸ' ಮುಂದೆ, 'ಕವಿತಾ' ಹಿಂದೆ. 'ಶ್ರೀ' ಎಂಬುದರ ಉದ್ದ ಕೇಳಿದರೆ ನಾಲ್ಕು ಎನ್ನುತ್ತದೆ: ಶ, ವಿರಾಮ (್), ರ, ದೀರ್ಘ (ೀ). ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ಒಬ್ಬರೇ ಕಲಿಯುವುದಕ್ಕೆ, ಒಂದೇ ಗಣಕದಲ್ಲಿ ಲೆಕ್ಕ ಇಡುವುದಕ್ಕೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಕೌಂಟರಿನವರೂ ಅಡುಗೆಮನೆ ಉಗ್ರಾಣದವರೂ ಹಂಚಿಕೊಂಡ ಫೋಲ್ಡರಿನಲ್ಲಿ ಒಂದೇ ಕಡತಕ್ಕೆ ಏಕಕಾಲಕ್ಕೆ ಬರೆಯುವ ಯೋಚನೆ ಇದ್ದರೆ ಬೇಡ. ಒಂದೇ ಸಮಯಕ್ಕೆ ಇಬ್ಬರು ಬರೆಯದಂತೆ ತಡೆಯುವ ಕಡತದ ಬೀಗ ನೆಟ್‌ವರ್ಕ್ ಮೇಲೆ ನೆಚ್ಚುವಂತಿರುವುದಿಲ್ಲ, ಕಡತವೇ ಕೆಡಬಹುದು. ಆಗ ಸರ್ವರ್ ಇರುವ ಪೋಸ್ಟ್‌ಗ್ರೆಸ್ ಕಡೆಗೆ ಹೋಗಿ. ಇಲ್ಲಿ ಬರೆದು ರೂಢಿಯಾದ ಕ್ವೆರಿಗಳಲ್ಲಿ ಹೆಚ್ಚಿನವು ಅಲ್ಲಿಯೂ ನಡೆಯುತ್ತವೆ.